ಬಣ್ಣ ಸರಿಯಾಗಿ ತೋರಿಸುವ ಮಾನಿಟರ್: ಡಿಸೈನ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಲಗ್ನಪತ್ರಿಕೆ ಮಾಡುವವರು, ಪುಸ್ತಕದ ಮುಖಪುಟ ಮಾಡುವವರು, ಸೀರೆ ಅಂಗಡಿಗೆ ಫೋಟೊ ತಿದ್ದಿಕೊಡುವವರು ಫೋನಿನಲ್ಲಿ, ಮೆಸೇಜಿನಲ್ಲಿ, ಒಮ್ಮೊಮ್ಮೆ ಪ್ರೆಸ್ಸಿನ ಬಾಗಿಲಲ್ಲೇ ನಿಂತು ಕೇಳಿದ ಪ್ರಶ್ನೆಗಳು ಇವು. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಬಿಟ್ಟಿದ್ದೇನೆ. ಸುಲಭದ್ದು ಮೊದಲು, ತಲೆನೋವಿನದ್ದು ಕೊನೆಗೆ.

## ಮೊದಮೊದಲ ಪ್ರಶ್ನೆಗಳು

ಸ್ಕ್ರೀನ್ ಮೇಲೆ ಚೆಂದದ ಕುಂಕುಮದ ಕೆಂಪು, ಪ್ರಿಂಟ್ ಆಗಿ ಬಂದಾಗ ಇಟ್ಟಿಗೆ ಕೆಂಪು. ತಪ್ಪು ಪ್ರೆಸ್ಸಿನವರದಾ, ನನ್ನದಾ?

ನಾನೂ ಮೊದಲು ಪ್ರೆಸ್ಸಿನವರ ಮೇಲೇ ಹಾರಾಡಿದ್ದೆ. ಒಂದು ಮದುವೆ ಪತ್ರಿಕೆ, ಐನೂರು ಪ್ರತಿ, ಎಲ್ಲವೂ ಮಂಕು. ಪ್ರೆಸ್ಸಿನ ಯಜಮಾನರು ಏನೂ ಮಾತಾಡದೆ ನನ್ನ ಫೈಲನ್ನೇ ತೆರೆದು ಕೆಂಪಿನ ಅಂಕೆ ತೋರಿಸಿದರು. ಮೆಜೆಂಟಾ, ಹಳದಿ ಸರಿಯಾಗೇ ಇತ್ತು, ಅದರ ಜೊತೆ ಕಪ್ಪು 30 ಪರ್ಸೆಂಟ್. ಅದನ್ನು ಹಾಕಿದ್ದು ನಾನೇ! ನನ್ನ ಮಾನಿಟರ್ ವಿಪರೀತ ಬ್ರೈಟ್ ಇತ್ತು, ಕೆಂಪು ಕಣ್ಣಿಗೆ ಹೊಡೆಯುತ್ತಿತ್ತು, ಅದನ್ನು ತಗ್ಗಿಸೋಣ ಅಂತ ಕಪ್ಪು ಸೇರಿಸುತ್ತಾ ಹೋಗಿದ್ದೆ. ಅಂದರೆ ಇಲ್ಲದ ರೋಗಕ್ಕೆ ಮದ್ದು ಕೊಟ್ಟಿದ್ದೆ. ಮಾನಿಟರ್ ಸುಳ್ಳು ಹೇಳಿದರೆ ಆಗುವುದು ಇದೇ. ನಿಮ್ಮ ಕಣ್ಣು ಎಷ್ಟೇ ಪಳಗಿರಲಿ, ಕೈ ತಪ್ಪು ದಿಕ್ಕಿಗೆ ಹೋಗುತ್ತದೆ.

ಇನ್ನೊಂದು ಮಾತೂ ಇದೆ. ಸ್ಕ್ರೀನ್ ತಾನೇ ಬೆಳಕು ಕೊಡುತ್ತದೆ, ಕಾಗದ ಬಿದ್ದ ಬೆಳಕನ್ನಷ್ಟೇ ವಾಪಸ್ ಕೊಡುತ್ತದೆ. ಸ್ಕ್ರೀನಿನಲ್ಲಿ ಕಾಣುವ ಕೆಲವು ಬಣ್ಣಗಳು ನಾಲ್ಕು ಇಂಕಿನಲ್ಲಿ ಬರುವುದೇ ಇಲ್ಲ. ಗಿಳಿಹಸಿರು, ಹೊಳೆಯುವ ನೀಲಿ, ಉರಿಯುವ ಕಿತ್ತಳೆ ಇವೆಲ್ಲ ಆ ಜಾತಿ. ಒಳ್ಳೆ ಮಾನಿಟರ್ ತಂದರೂ ಈ ವ್ಯತ್ಯಾಸ ಹೋಗುವುದಿಲ್ಲ, ಆದರೆ ಅದು ಎಲ್ಲಿ ಬರುತ್ತದೆ ಅಂತ ಮುಂಚೆಯೇ ಗೊತ್ತಾಗುತ್ತದೆ.

ಲ್ಯಾಪ್‌ಟಾಪ್ ಇದೆಯಲ್ಲ, ಅದರಲ್ಲೇ ಮಾಡಿದ್ರೆ ಆಗಲ್ವಾ?

ಯಾವ ಲ್ಯಾಪ್‌ಟಾಪ್ ಅನ್ನುವುದರ ಮೇಲೆ ನಿಂತಿದೆ. ಈಚಿನ ಮ್ಯಾಕ್‌ಬುಕ್ ಪ್ರೊ ಇದ್ದರೆ ಚಿಂತೆ ಬೇಡ, ಅದರ ಸ್ಕ್ರೀನ್ ಸಾಕಷ್ಟು ನಂಬಬಹುದು. ಕಡಿಮೆ ಬೆಲೆಯ ವಿಂಡೋಸ್ ಲ್ಯಾಪ್‌ಟಾಪ್ ಆದರೆ ಅದರ ವಿವರದಲ್ಲಿ "45% ಎನ್‌ಟಿಎಸ್‌ಸಿ" (ಬಣ್ಣದ ವಿಸ್ತಾರದ ಒಂದು ಅಳತೆ) ಅಂತ ಇದೆಯಾ ನೋಡಿ. ಇದ್ದರೆ ಅದು ವೆಬ್‌ಗೆ ಬೇಕಾದ ಬಣ್ಣಗಳಲ್ಲಿ ಹೆಚ್ಚುಕಮ್ಮಿ ಮೂರನೇ ಎರಡು ಪಾಲು ಮಾತ್ರ ತೋರಿಸುತ್ತದೆ. ಕೆಂಪು ಕಿತ್ತಳೆ ಕಡೆಗೆ ಜಾರುತ್ತದೆ, ಉಳಿದವು ತೊಳೆದ ಬಟ್ಟೆಯಂತೆ ಕಾಣುತ್ತವೆ. ಕ್ಯಾಲಿಬ್ರೇಟ್ ಮಾಡಿದರೂ, ಅಂದರೆ ಯಂತ್ರದಿಂದ ಅಳೆದು ಬಣ್ಣ ಸರಿಪಡಿಸಿದರೂ, ಇಲ್ಲದ ಬಣ್ಣ ಹುಟ್ಟುವುದಿಲ್ಲ. ಅಂಥ ಲ್ಯಾಪ್‌ಟಾಪ್ ಇಟ್ಟುಕೊಳ್ಳಿ, ಪಕ್ಕಕ್ಕೆ ಒಂದು ಮಾನಿಟರ್ ಸೇರಿಸಿ, ಅಷ್ಟೇ.

ಎಸ್‌ಆರ್‌ಜಿಬಿ, ಅಡೋಬಿ ಆರ್‌ಜಿಬಿ, ಪಿ3 ಅಂತೆಲ್ಲ ಬರೆದಿರ್ತಾರೆ. ನಂಗೆ ಯಾವುದು ಬೇಕು?

ಹಿಂದೆ ಒಂದೊಂದು ಊರಿನ ಸೇರು ಒಂದೊಂದು ಅಳತೆ ಇತ್ತಲ್ಲ, ಹಾಗೆ ಅಂದುಕೊಳ್ಳಿ. "ಒಂದು ಸೇರು ಅಕ್ಕಿ" ಅಂದರೆ ಸಾಲದು, ಯಾವ ಊರಿನ ಸೇರು ಅಂತಲೂ ಹೇಳಬೇಕು. "ಕೆಂಪು 255" ಅನ್ನುವುದೂ ಅಷ್ಟೇ. ಯಾವ ಬಣ್ಣದ ಅಳತೆಯಲ್ಲಿ 255 ಅಂತ ಹೇಳದಿದ್ದರೆ ಅದಕ್ಕೆ ಅರ್ಥವಿಲ್ಲ.

ಎಸ್‌ಆರ್‌ಜಿಬಿಯನ್ನು 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮುಂದಿಟ್ಟವು, 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನದಂಡವಾಯಿತು. ಇವತ್ತಿಗೂ ವೆಬ್, ಸಾಮಾನ್ಯ ಫೋಟೊ, ಆಫೀಸಿನ ಕೆಲಸ ಎಲ್ಲ ನಡೆಯುವುದು ಇದರ ಮೇಲೆಯೇ. ಅಡೋಬಿ ಆರ್‌ಜಿಬಿ 1998ರದ್ದು. ಹಸಿರು, ಹಸಿರುಮಿಶ್ರಿತ ನೀಲಿ ಕಡೆ ಜಾಸ್ತಿ ಜಾಗ ಇರುವುದರಿಂದ ಒಳ್ಳೆ ಕಾಗದದ ಮೇಲೆ ಫೋಟೊ ಪ್ರಿಂಟ್ ಮಾಡುವವರಿಗೆ ಉಪಯೋಗ. ಪಿ3 ಸಿನಿಮಾ ಪ್ರೊಜೆಕ್ಟರ್‌ಗಳಿಂದ ಬಂದದ್ದು, ಆ್ಯಪಲ್ ಅದನ್ನು ಫೋನಿಗೂ ಕಂಪ್ಯೂಟರಿಗೂ ತಂದಿತು.

ನೂರಕ್ಕೆ ತೊಂಬತ್ತು ಜನಕ್ಕೆ ನಾನು ಹೇಳುವುದು, ಪೂರ್ತಿ ಎಸ್‌ಆರ್‌ಜಿಬಿ ತೋರಿಸುವ ಮಾನಿಟರ್ ಸಾಕು. ವೀಡಿಯೊ ಕಲರ್ ಗ್ರೇಡಿಂಗ್ ಮಾಡುತ್ತೀರಾ, ಪಿ3 ನೋಡಿ. ಫೈನ್ ಆರ್ಟ್ ಪ್ರಿಂಟ್ ಮಾಡುತ್ತೀರಾ, ಅಡೋಬಿ ಆರ್‌ಜಿಬಿ ನೋಡಿ. ಎರಡೂ ಇಲ್ಲ ಅಂದರೆ ಎಸ್‌ಆರ್‌ಜಿಬಿಗಿಂತ ಜಾಸ್ತಿ ಬಣ್ಣ ತೋರಿಸುವ ವಿಶಾಲ ಬಣ್ಣದ ಮಾನಿಟರ್ ಉಪಕಾರಕ್ಕಿಂತ ಉಪದ್ರವವೇ ಜಾಸ್ತಿ.

## ಕೊಳ್ಳುವ ಮುಂಚೆ

ಐಪಿಎಸ್, ವಿಎ, ಒಎಲ್‌ಇಡಿ... ಅಂಗಡೀಲಿ ಎಲ್ಲಾನೂ ಚೆನ್ನಾಗೇ ಕಾಣುತ್ತೆ. ಯಾವುದು ತಗೊಳ್ಲಿ?

ಅಂಗಡಿಯಲ್ಲಿ ಚೆನ್ನಾಗಿ ಕಾಣಲಿ ಅಂತಲೇ ಎಲ್ಲವನ್ನೂ ಗಾಢ ಮೋಡಿನಲ್ಲಿ ಇಟ್ಟಿರುತ್ತಾರೆ. ಅದನ್ನು ನೋಡಿ ತೀರ್ಮಾನ ಮಾಡಬೇಡಿ.

ಇವೆಲ್ಲ ಸ್ಕ್ರೀನಿನ ಪ್ಯಾನೆಲ್‌ನ ಬಗೆಗಳು. ಡಿಸೈನ್ ಕೆಲಸಕ್ಕೆ ಐಪಿಎಸ್. ಸ್ವಲ್ಪ ಓರೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ. ಅದರ ಕೊರತೆ ಕಪ್ಪು. ಸಾಮಾನ್ಯ ಐಪಿಎಸ್‌ನ ಕಾಂಟ್ರಾಸ್ಟ್ 1000ಕ್ಕೆ 1ರ ಆಸುಪಾಸು, ಕತ್ತಲೆ ಕೋಣೆಯಲ್ಲಿ ಕಪ್ಪು ಬೂದಿಯಂತೆ ಕಾಣುತ್ತದೆ. ಪ್ರಿಂಟ್ ಕೆಲಸಕ್ಕೆ ಇದೇನೂ ಅಡ್ಡಿಯಲ್ಲ, ಕಾಗದದ ಮೇಲಿನ ಕಪ್ಪಂತೂ ಅಷ್ಟು ಕಪ್ಪಿರುವುದಿಲ್ಲ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಚೆನ್ನ, ಆದರೆ ತಲೆ ಒಂದು ಗೇಣು ಆಚೀಚೆ ಸರಿಸಿದರೆ ನೆರಳಿನ ಭಾಗದ ಛಾಯೆ ಬದಲಾಗುತ್ತದೆ. ಟಿಎನ್ ಪ್ಯಾನೆಲ್ ಬೇಡವೇ ಬೇಡ. ಒಎಲ್‌ಇಡಿ ನೋಡಲು ಅದ್ಭುತ, ಒಪ್ಪುತ್ತೇನೆ. ಆದರೆ ಫೋಟೊಶಾಪ್‌ನ ಟೂಲ್‌ಬಾರ್ ದಿನಕ್ಕೆ ಹತ್ತು ಗಂಟೆ ಒಂದೇ ಜಾಗದಲ್ಲಿ ಕೂತಿರುತ್ತದಲ್ಲ, ಅದರ ಅಚ್ಚು ಸ್ಕ್ರೀನಿನ ಮೇಲೆ ಉಳಿದುಬಿಡುವ ಭಯ ನನಗೆ ಇನ್ನೂ ಹೋಗಿಲ್ಲ.

ಡಬ್ಬಿ ಮೇಲೆ "ಡೆಲ್ಟಾ ಇ 2ಕ್ಕಿಂತ ಕಡಿಮೆ" ಅಂತ ಹಾಕಿದ್ದಾರೆ. ನಂಬಬಹುದಾ?

ಡೆಲ್ಟಾ ಇ ಅಂದರೆ ತೋರಿಸಬೇಕಾದ ಬಣ್ಣಕ್ಕೂ ತೋರಿಸಿದ ಬಣ್ಣಕ್ಕೂ ಇರುವ ದೂರ. 1ರ ಹತ್ತಿರ ಇದ್ದರೆ ಕಣ್ಣಿಗೆ ಗೊತ್ತಾಗುವುದು ಕಷ್ಟ, 2ರವರೆಗೆ ಕೆಲಸಕ್ಕೆ ತೊಂದರೆಯಿಲ್ಲ, 5 ದಾಟಿದರೆ ಪಕ್ಕಪಕ್ಕ ಇಟ್ಟಾಗ ಯಾರಿಗಾದರೂ ಕಾಣುತ್ತದೆ.

ಡಬ್ಬಿಯ ಮೇಲಿನ ಮಾತು ಸುಳ್ಳಲ್ಲ, ಅರ್ಧ ಮಾತು. ಅದು ಸಾಮಾನ್ಯವಾಗಿ ಸರಾಸರಿ. ಸರಾಸರಿ 1.5 ಇದ್ದು ಒಂದು ನೀಲಿ ಮಾತ್ರ 5 ಇರಬಹುದು. ಅದೂ ಒಂದು ನಿರ್ದಿಷ್ಟ ಮೋಡಿನಲ್ಲಿ ಅಳೆದದ್ದು, ನೀವು ಗೇಮ್ ಮೋಡಿಗೆ ಹಾಕಿದರೆ ಆ ಮಾತು ಅಲ್ಲಿಗೇ ಮುಗಿಯಿತು. ಡಬ್ಬಿಯೊಳಗೆ ಆ ಸೀರಿಯಲ್ ನಂಬರಿಗೇ ಸೇರಿದ ಅಳತೆಯ ಚೀಟಿ ಇದ್ದರೆ ಜಾಸ್ತಿ ನಂಬಬಹುದು. ಆದರೂ ಅದು ಕಾರ್ಖಾನೆಯಿಂದ ಹೊರಟ ದಿನದ ಅಳತೆ. ಹಿಂಬೆಳಕು ವರ್ಷಗಳಲ್ಲಿ ಹಳತಾದಂತೆ ಬಣ್ಣ ಸರಿಯುತ್ತಲೇ ಇರುತ್ತದೆ.

72% ಎನ್‌ಟಿಎಸ್‌ಸಿ ಅಂದ್ರೆ 28% ಬಣ್ಣ ಇಲ್ಲ ಅಂತಲಾ?

ಅಲ್ಲ. ಎನ್‌ಟಿಎಸ್‌ಸಿ 1953ರ ಅಮೆರಿಕದ ಬಣ್ಣದ ಟಿವಿಯ ಅಳತೆ, ಅದರ 72% ಅಂದರೆ ಹೆಚ್ಚುಕಮ್ಮಿ ಪೂರ್ತಿ ಎಸ್‌ಆರ್‌ಜಿಬಿಯಷ್ಟು ವಿಸ್ತಾರ. "130% ಎಸ್‌ಆರ್‌ಜಿಬಿ" ಅಂತ ಬರೆದಿದ್ದರೆ ಹಿಗ್ಗಬೇಡಿ, ಎಷ್ಟು ದೊಡ್ಡದು ಅನ್ನುವುದಕ್ಕಿಂತ ಬೇಕಾದ ಜಾಗವನ್ನು ಎಷ್ಟು ಮುಚ್ಚುತ್ತದೆ ಅನ್ನುವುದು ಮುಖ್ಯ.

24 ಇಂಚಾ, 27 ಇಂಚಾ? 4ಕೆ ಬೇಕೇ ಬೇಕಾ?

ರೆಸಲ್ಯೂಶನ್‌ಗೂ ಬಣ್ಣಕ್ಕೂ ಸಂಬಂಧವಿಲ್ಲ, ಮೊದಲು ಇದನ್ನು ತಲೆಯಿಂದ ತೆಗೆಯಿರಿ. 4ಕೆ ಮಾನಿಟರ್ ಕೂಡ ಬಣ್ಣದಲ್ಲಿ ದರಿದ್ರವಾಗಿರಬಹುದು.

ನನಗೆ 24 ಇಂಚಿನ, 16:10 ಅಳತೆಯ ಮಾನಿಟರ್ ಮೇಲೆ ಒಂದು ಮೋಹ. ಅದರ ಅಗಲ ಸುಮಾರು 52 ಸೆಂಟಿಮೀಟರ್, ಎತ್ತರ 32. ಎ3 ಕಾಗದ 42ಕ್ಕೆ 29.7. ಅಂದರೆ ಎರಡು ಎ4 ಪುಟಗಳು ಪಕ್ಕಪಕ್ಕ, ನಿಜವಾದ ಗಾತ್ರದಲ್ಲೇ ಹಿಡಿಸುತ್ತವೆ, ಟೂಲ್‌ಗಳಿಗೂ ಸ್ವಲ್ಪ ಜಾಗ ಉಳಿಯುತ್ತದೆ. 27 ಇಂಚು ತಗೊಂಡರೆ ಕನಿಷ್ಠ 2560×1440 ಇರಲಿ, ಅದರಲ್ಲಿ 1920×1080 ಬೇಡ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದು ಇನ್ನೂ ಮುಖ್ಯ. ಎಂಟು ಪಾಯಿಂಟಿನಲ್ಲಿ "ಸ್ತ್ರೀ", "ರಾಷ್ಟ್ರ" ಬರೆದು ನೋಡಿ, ಪಿಕ್ಸೆಲ್ ದಪ್ಪಗಿದ್ದರೆ ಒತ್ತಕ್ಷರ ಒಂದು ಕಪ್ಪು ಚುಕ್ಕೆಯಂತೆ ಕಾಣುತ್ತದೆ. 27 ಇಂಚಿನ 4ಕೆಯಲ್ಲಿ ಇಂಚಿಗೆ 163 ಪಿಕ್ಸೆಲ್, ಅಕ್ಷರ ಅಚ್ಚಿನಂತೆ ಬರುತ್ತದೆ. ಟೈಪೋಗ್ರಫಿ ಜಾಸ್ತಿ ಮಾಡುವವರಾದರೆ 4ಕೆಗೆ ದುಡ್ಡು ಹಾಕಿ.

ಬಜೆಟ್ ಕಡಿಮೆ ಸಾರ್. ಸುಮ್ನೆ ಹೆಸರು ಹೇಳಿಬಿಡಿ.

ಶುರುವಿಗೆ ಏಸಸ್ ಪ್ರೋಆರ್ಟ್ ಸಾಲಿನ ಪಿಎ248ಕ್ಯೂವಿ ಥರದ್ದು, ಬೆನ್‌ಕ್ಯೂ ಪಿಡಿ ಸಾಲು, ಡೆಲ್ ಅಲ್ಟ್ರಾಶಾರ್ಪ್. ಮೇಲ್ತುದಿಯಲ್ಲಿ ಜಪಾನಿನ ಐಜೋ ಕಲರ್‌ಎಡ್ಜ್ ಇದೆ, ಅದರ ಕೆಲವು ಮಾದರಿಗಳಲ್ಲಿ ಅಳತೆಯ ಸೆನ್ಸರ್ ಮಾನಿಟರ್‌ನೊಳಗೇ ಕೂತಿರುತ್ತದೆ. ಅದು ನಿಮಗೂ ಬೇಡ, ನನಗೂ ಬೇಡ.

ನನ್ನ ಹಠ ಒಂದೇ. ಇರುವ ದುಡ್ಡನ್ನೆಲ್ಲ ಮಾನಿಟರ್‌ಗೆ ಸುರಿಯಬೇಡಿ. ಒಂದು ಮೆಟ್ಟಿಲು ಕೆಳಗಿನ ಮಾನಿಟರ್ ತಗೊಂಡು, ಉಳಿದ ದುಡ್ಡಿಗೆ ಸ್ಕ್ರೀನಿನ ಬಣ್ಣ ಅಳೆಯುವ ಕ್ಯಾಲಿಬ್ರೇಟರ್ ತಗೊಳ್ಳಿ. ಅಳೆದ ಸಾಧಾರಣ ಮಾನಿಟರ್ ಅಳೆಯದ ದುಬಾರಿ ಮಾನಿಟರ್‌ಗಿಂತ ವಾಸಿ. ಕ್ಯಾಲಿಬ್ರೇಟರ್ ತಿಂಗಳಿಗೊಮ್ಮೆ ಬೇಕಾಗುವ ವಸ್ತು, ನಾಲ್ಕು ಜನ ಗೆಳೆಯರು ಸೇರಿ ಒಂದು ತಗೊಂಡರೂ ನಡೆಯುತ್ತದೆ.

ಬೆಂಗಳೂರಿನ ಎಸ್‌.ಪಿ. ರೋಡಿನಂಥ ಕಡೆ ಕೊಳ್ಳುವುದಾದರೆ ಡಿಸ್‌ಪ್ಲೇಗೆ ಇಟ್ಟ ಪೀಸ್ ತಗೋಬೇಡಿ. ಸೀಲ್ ಒಡೆಸಿ, ಅಲ್ಲೇ ಆನ್ ಮಾಡಿಸಿ. ಪೂರ್ತಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ, ಬೂದು ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ. ಸತ್ತ ಪಿಕ್ಸೆಲ್ ಬಿಳಿಯಲ್ಲಿ ಕಾಣುತ್ತದೆ. ಒಂದು ಮೂಲೆ ಗುಲಾಬಿ, ಇನ್ನೊಂದು ಮೂಲೆ ಹಸಿರು ಇದ್ದರೆ ಬೂದು ಚಿತ್ರದಲ್ಲಿ ಕಾಣುತ್ತದೆ. ಈ ಎರಡನೆಯದೇ ದೊಡ್ಡ ದೋಷ, ಕ್ಯಾಲಿಬ್ರೇಟರ್‌ನಿಂದ ಹೋಗುವುದಿಲ್ಲ.

ಮಗನಿಗೆ ತಂದ ಗೇಮಿಂಗ್ ಮಾನಿಟರ್ ಇದೆ, ಕರ್ವ್ಡ್. ಅದೇ ಆಗುತ್ತಾ?

ಚಪ್ಪಟೆಯಾಗಿದ್ದು, ಐಪಿಎಸ್ ಆಗಿದ್ದು, ಎಸ್‌ಆರ್‌ಜಿಬಿ ಮೋಡ್ ಇದ್ದರೆ ಧಾರಾಳವಾಗಿ ಆಗುತ್ತದೆ. ಕರ್ವ್ಡ್ ಬೇಡ. ಅವು ಹೆಚ್ಚಾಗಿ ವಿಎ ಪ್ಯಾನೆಲ್, ಜೊತೆಗೆ ನೇರ ಗೆರೆ ನೇರ ಇದೆಯೋ ಇಲ್ಲವೋ ಅಂತ ಅನುಮಾನ ಶುರುವಾಗುತ್ತದೆ. ಮಗನೂ ಬಿಟ್ಟುಕೊಡಲ್ಲ ಬಿಡಿ.

## ಮನೆಗೆ ತಂದ ಮೇಲೆ

ಡಬ್ಬಿಯಿಂದ ತೆಗೆದು ಸಿಗಿಸಿದ್ದೀನಿ. ಮೊದಲು ಏನ್ ಮಾಡ್ಲಿ?

ಮೊದಲು ಆಫ್ ಮಾಡುವ ಕೆಲಸ. ಮಾನಿಟರ್ ಮೆನುವಿನಲ್ಲಿ ಡೈನಮಿಕ್ ಕಾಂಟ್ರಾಸ್ಟ್, ಇಕೋ, ಬ್ಲೂ ಲೈಟ್, ವಿವಿಡ್ ಇವೆಲ್ಲ ಬಂದ್. ಕೋಣೆಯ ಬೆಳಕು ನೋಡಿ ತಾನೇ ಏರಿಳಿಯುವ ಬ್ರೈಟ್‌ನೆಸ್ ಇದ್ದರೆ ಅದೂ ಬಂದ್. ವಿಂಡೋಸ್‌ನಲ್ಲಿ ನೈಟ್ ಲೈಟ್, ಮ್ಯಾಕ್‌ನಲ್ಲಿ ನೈಟ್ ಶಿಫ್ಟ್ ಮತ್ತು ಟ್ರೂ ಟೋನ್ ತೆಗೆಯಿರಿ. ನೈಟ್ ಲೈಟ್ ಮರೆತು ಒಂದು ರಾತ್ರಿಯೆಲ್ಲ ಕೂತು ಚರ್ಮದ ಬಣ್ಣ ತಿದ್ದಿದವನು ನಾನು, ಬೆಳಿಗ್ಗೆ ನೋಡಿದರೆ ಮದುಮಗಳು ನೀಲಿ.

ಎಚ್‌ಡಿಎಂಐ ಕೇಬಲ್ ಹಾಕಿದ್ದರೆ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ "ಫುಲ್ ರೇಂಜ್" ಇದೆಯಾ ನೋಡಿ. ಕೆಲವೊಮ್ಮೆ ಕಂಪ್ಯೂಟರ್ ಮಾನಿಟರನ್ನು ಟಿವಿ ಅಂತ ತಿಳಿದು "ಲಿಮಿಟೆಡ್" ಕಳಿಸುತ್ತದೆ, ಕಪ್ಪೆಲ್ಲ ಬೂದು ಬಣ್ಣವಾಗುತ್ತದೆ. ಡಿಸ್‌ಪ್ಲೇಪೋರ್ಟ್ ಕೇಬಲ್‌ನಲ್ಲಿ ಈ ಕಾಟ ಕಡಿಮೆ. ಆಮೇಲೆ ಮೋಡ್. ಕ್ಯಾಲಿಬ್ರೇಟರ್ ಇಲ್ಲದವರು ಎಸ್‌ಆರ್‌ಜಿಬಿ ಮೋಡಿಗೆ ಹಾಕಿ ಅಲ್ಲೇ ಬಿಡಿ. ಇರುವವರು ಕಸ್ಟಮ್ ಅಥವಾ ಯೂಸರ್ ಮೋಡ್ ಇಡಿ, ಆರ್, ಜಿ, ಬಿ ಮೂರನ್ನೂ ಬೇರೆಬೇರೆ ತಿರುಗಿಸಲು ಅದರಲ್ಲೇ ಆಗುವುದು.

ಬ್ರೈಟ್‌ನೆಸ್ ಎಷ್ಟಿಡಬೇಕು? ನಾನು 100ಕ್ಕೇ ಇಟ್ಟಿದ್ದೀನಿ.

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಯಾಕೆಂದರೆ ಇದಕ್ಕೆ ದುಡ್ಡು ಬೇಡ, ಇದರಿಂದ ಆಗುವಷ್ಟು ಲಾಭ ಬೇರೆ ಯಾವುದರಿಂದಲೂ ಆಗುವುದಿಲ್ಲ.

ಮಾನಿಟರ್‌ಗಳು ಪೂರ್ತಿ ಏರಿಸಿದಾಗ ಚದರ ಮೀಟರಿಗೆ 300 ಕ್ಯಾಂಡೆಲಾ ಅಥವಾ ಅದಕ್ಕೂ ಮೇಲೆ ಬೆಳಕು ಕೊಡುತ್ತವೆ. ಪ್ರಿಂಟ್ ಕೆಲಸಕ್ಕೆ ಬೇಕಾದ್ದು 80ರಿಂದ 120. "ಪ್ರಿಂಟ್ ಕಪ್ಪಗೆ ಬಂತು" ಅನ್ನುವ ದೂರುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುವುದು. ಸ್ಕ್ರೀನ್ ಬೆಳ್ಳಗಿದ್ದರೆ ಫೋಟೊವನ್ನು ನಾವೇ ಕಪ್ಪು ಮಾಡುತ್ತೇವೆ.

ಅಳೆಯುವ ಯಂತ್ರ ಇಲ್ಲದಿದ್ದರೆ ಒಂದು ಉಪಾಯ. ಸ್ಕ್ರೀನಿನಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ. ಪಕ್ಕದಲ್ಲಿ ಒಂದು ಬಿಳಿ ಕಾಗದ ಹಿಡಿಯಿರಿ, ಕೋಣೆಯ ಬೆಳಕು ಅದರ ಮೇಲೆ ಚೆನ್ನಾಗಿ ಬೀಳಲಿ. ಸ್ಕ್ರೀನ್ ದೀಪದಂತೆ ಉರಿಯುತ್ತಿದ್ದರೆ ಇಳಿಸುತ್ತಾ ಬನ್ನಿ, ಎರಡೂ ಕಾಗದದ ಹಾಗೆ ಕಾಣುವಲ್ಲಿ ನಿಲ್ಲಿಸಿ. ಎಷ್ಟೋ ಮಾನಿಟರ್‌ಗಳಲ್ಲಿ ಅದು 20-30ರ ಹತ್ತಿರ ಬರುತ್ತದೆ. ಎರಡು ದಿನ ಮಂಕು ಅನ್ನಿಸುತ್ತದೆ, ಮೂರನೇ ದಿನ ಹಳೆಯದಕ್ಕೆ ಹಾಕಿ ನೋಡಿ, ಕಣ್ಣು ಮುಚ್ಚಿಕೊಳ್ಳುತ್ತೀರಿ.

ರೂಮಿನ ಬೆಳಕಿಗೂ ಮಾನಿಟರ್‌ಗೂ ಏನ್ ಸಂಬಂಧ?

ನಮ್ಮ ಮನೆಗಳಲ್ಲಿ ಗೋಡೆಗೆ ಗಿಳಿಹಸಿರು, ತಿಳಿಗುಲಾಬಿ ಹೊಡೆಸುವ ಖುಷಿ ಇದೆಯಲ್ಲ, ಅದೇ ಸಂಬಂಧ. ಕಣ್ಣು ಸುತ್ತಲಿನ ಬಣ್ಣಕ್ಕೆ ಹೊಂದಿಕೊಳ್ಳುತ್ತದೆ. ಹಸಿರು ಗೋಡೆಯ ಮುಂದೆ ಕೂತವರಿಗೆ ಸ್ಕ್ರೀನಿನ ಬೂದು ಕೆಂಪುಕೆಂಪಾಗಿ ಕಾಣುತ್ತದೆ, ಅವರು ಅದಕ್ಕೆ ಹಸಿರು ಸೇರಿಸುತ್ತಾರೆ. ಮಾನಿಟರ್ ಹಿಂದಿನ ಗೋಡೆಯಷ್ಟಾದರೂ ತಿಳಿ ಬೂದು ಅಥವಾ ಬಿಳಿ ಇರಲಿ. ಬಾಡಿಗೆ ಮನೆಯಾದರೆ ಒಂದು ಬೂದು ಬಟ್ಟೆ ತೂಗುಹಾಕಿ.

ಕಿಟಕಿ ಹಿಂದೆಯೂ ಬೇಡ, ಎದುರಿಗೂ ಬೇಡ, ಪಕ್ಕಕ್ಕಿರಲಿ, ಪರದೆ ಇರಲಿ. ಬೆಳಗಿನ ಬೆಳಕು, ಸಂಜೆ ಬೆಳಕು ಒಂದೇ ಅಲ್ಲ, ಬಣ್ಣದ ಕೊನೆಯ ತೀರ್ಮಾನವನ್ನು ಯಾವಾಗಲೂ ಒಂದೇ ದೀಪದ ಕೆಳಗೆ ಮಾಡಿ. ಬಲ್ಬ್ ಕೊಳ್ಳುವಾಗ ಸಿಆರ್‌ಐ (ಅದರ ಬೆಳಕಿನಲ್ಲಿ ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನುವ ಅಂಕೆ) 90ಕ್ಕಿಂತ ಜಾಸ್ತಿ ಇರುವುದನ್ನು ಕೇಳಿ ತಗೊಳ್ಳಿ. ಇನ್ನೊಂದು, ಕೆಂಪು ಟೀಶರ್ಟ್ ಹಾಕಿ ಕೂತರೆ ಅದರ ಕೆಂಪು ಸ್ಕ್ರೀನಿನಲ್ಲಿ ಪ್ರತಿಫಲಿಸುತ್ತದೆ. ನಗಬೇಡಿ, ಪರೀಕ್ಷೆ ಮಾಡಿ ನೋಡಿ.

ಎರಡು ಮಾನಿಟರ್ ಇಟ್ಟಿದ್ದೀನಿ. ಒಂದು ಹಳದಿ, ಒಂದು ನೀಲಿ. ಹುಚ್ಚು ಹಿಡಿತಾ ಇದೆ.

ಎರಡರ ಹಿಂಬೆಳಕು ಬೇರೆ ಜಾತಿಯದಾದರೆ ಯಂತ್ರ "ಎರಡೂ ಒಂದೇ" ಅಂದರೂ ಕಣ್ಣು ಒಪ್ಪದೆ ಇರಬಹುದು. ಇದರ ಹಿಂದೆ ಬಿದ್ದು ಭಾನುವಾರ ಹಾಳು ಮಾಡಿಕೊಳ್ಳಬೇಡಿ. ಒಳ್ಳೆಯದನ್ನು ಬಣ್ಣಕ್ಕೆ ಇಡಿ, ಇನ್ನೊಂದನ್ನು ಟೂಲ್‌ಗಳಿಗೆ, ಮೇಲ್‌ಗೆ ಇಡಿ.

## ಕ್ಯಾಲಿಬ್ರೇಶನ್

ಯಂತ್ರ ಇಲ್ಲದೆ ಕಣ್ಣಲ್ಲೇ ಸರಿ ಮಾಡ್ಕೋಬಹುದಾ?

ಅರ್ಧ ಆಗುತ್ತದೆ. ಬ್ರೈಟ್‌ನೆಸ್ ಮೇಲೆ ಹೇಳಿದ ಹಾಗೆ. ಕಪ್ಪಿನ ಪಟ್ಟಿಗಳ ಚಿತ್ರ ತೆರೆದು, ಪೂರ್ತಿ ಕಪ್ಪಿಗೂ ಅದರ ಪಕ್ಕದ ಒಂದೆರಡು ಮೆಟ್ಟಿಲಿಗೂ ವ್ಯತ್ಯಾಸ ಕಾಣುತ್ತಿದೆಯಾ ಅಂತ ನೋಡಬಹುದು. ಆದರೆ ಬಿಳಿ ನಿಜವಾಗಿ ಬಿಳಿಯಾ ಅಂತ ಕಣ್ಣು ಹೇಳಲಾರದು. ಕೂಲಿಂಗ್ ಗ್ಲಾಸ್ ಹಾಕಿಕೊಂಡು ಐದು ನಿಮಿಷ ಕಳೆದರೆ ಎಲ್ಲ ಮಾಮೂಲಿ ಅನ್ನಿಸುತ್ತದಲ್ಲ, ಅದೇ ಕಣ್ಣು ಇದು.

ಕ್ಯಾಲಿಬ್ರೇಟರ್ ತಂದೆ. ಯಾವ ಅಂಕೆ ಕೊಡಬೇಕು?

ಈಗ ಸಿಗುವುದು ಮುಖ್ಯವಾಗಿ ಎರಡು ಮನೆತನ, ಕ್ಯಾಲಿಬ್ರೈಟ್ ಮತ್ತು ಡೇಟಾಕಲರ್‌ನ ಸ್ಪೈಡರ್. ಹಳೆಯ ಎಕ್ಸ್‌ರೈಟ್ ಯಂತ್ರ ಇದ್ದರೆ ಅದೂ ನಡೆಯುತ್ತದೆ. ಅವರದೇ ಸಾಫ್ಟ್‌ವೇರ್ ಬೇಡ ಅನ್ನಿಸಿದರೆ ಡಿಸ್‌ಪ್ಲೇಕ್ಯಾಲ್ ಉಚಿತ, ನಿಧಾನ, ಒಳ್ಳೆಯದು.

ಮಾನಿಟರ್ ಆನ್ ಮಾಡಿ ಅರ್ಧ ಗಂಟೆ ಬಿಡಿ, ಬಿಸಿಯಾಗಲಿ. ಬಿಳಿಗೆ ಡಿ65 (ಹಗಲ ಬೆಳಕಿನಂಥ ಬಿಳಿ), ಗಾಮಾಕ್ಕೆ (ಕಪ್ಪಿನಿಂದ ಬಿಳಿಯವರೆಗೆ ಬೆಳಕು ಏರುವ ರೀತಿ) 2.2, ಬೆಳಕಿಗೆ ವೆಬ್ ಕೆಲಸವಾದರೆ 120 ಕ್ಯಾಂಡೆಲಾ, ಪ್ರಿಂಟ್ ಆದರೆ 100. ಸಾಫ್ಟ್‌ವೇರ್ ಹಿಂಬೆಳಕು ಯಾವ ಬಗೆ ಅಂತ ಕೇಳುತ್ತದೆ, ಅಲ್ಲಿ ಸುಮ್ನೆ ಯಾವುದೋ ಒತ್ತಬೇಡಿ, ತಪ್ಪಾದರೆ ಅಳತೆಯೇ ತಪ್ಪುತ್ತದೆ. ಮೊದಲು ಮಾನಿಟರ್ ಮೆನುವಿನ ಆರ್, ಜಿ, ಬಿ ತಿರುಗಿಸಿ ಬಿಳಿಯನ್ನು ಆದಷ್ಟು ಸರಿ ಮಾಡಿ, ಉಳಿದ ಚೂರುಪಾರನ್ನು ಸಾಫ್ಟ್‌ವೇರ್‌ಗೆ ಬಿಡಿ. ಎಲ್ಲವನ್ನೂ ಸಾಫ್ಟ್‌ವೇರ್ ಮೇಲೆ ಹಾಕಿದರೆ ಆಕಾಶದಂಥ ನಯವಾದ ಗ್ರೇಡಿಯಂಟ್‌ನಲ್ಲಿ ಪಟ್ಟೆ ಏಳುತ್ತದೆ. ತಿಂಗಳಿಗೊಮ್ಮೆ ಮಾಡಿದರೆ ಸಾಕು. ಆಮೇಲೆ ಮಾನಿಟರ್ ಗುಂಡಿ ಮುಟ್ಟಬೇಡಿ, ಮನೆಯವರಿಗೂ ಹೇಳಿಡಿ.

ಕ್ಯಾಲಿಬ್ರೇಟ್ ಮಾಡೋದು, ಪ್ರೊಫೈಲ್ ಮಾಡೋದು ಎರಡೂ ಒಂದೇ ಅಲ್ವಾ?

ಗೋಡೆ ಗಡಿಯಾರವನ್ನು ತಿರುಗಿಸಿ ಸರಿ ಮಾಡುವುದು ಕ್ಯಾಲಿಬ್ರೇಶನ್. "ಇದು ಎರಡು ನಿಮಿಷ ಮುಂದಿದೆ" ಅಂತ ಕೆಳಗೆ ಚೀಟಿ ಅಂಟಿಸುವುದು ಪ್ರೊಫೈಲ್. ಫೋಟೊಶಾಪ್ ಆ ಚೀಟಿ ಓದಿ ಎರಡು ನಿಮಿಷ ಕಳೆದು ತೋರಿಸುತ್ತದೆ.

ಇಲ್ಲಿ ಬಹಳ ಜನ ಮಾಡುವ ಒಂದು ತಪ್ಪಿದೆ. ಕ್ಯಾಲಿಬ್ರೇಟರ್ ಮಾಡಿಕೊಟ್ಟ ಮಾನಿಟರ್ ಪ್ರೊಫೈಲನ್ನು ಫೋಟೊಶಾಪ್‌ನ ಕಲರ್ ಸೆಟ್ಟಿಂಗ್ಸ್‌ನಲ್ಲಿ ವರ್ಕಿಂಗ್ ಸ್ಪೇಸ್ ಅಂತ ಆರಿಸುತ್ತಾರೆ. ಹಾಗೆ ಮಾಡಬೇಡಿ. ಆ ಚೀಟಿ ಆಪರೇಟಿಂಗ್ ಸಿಸ್ಟಮ್ ಹತ್ತಿರ ಇರಲಿ, ಫೋಟೊಶಾಪ್ ತಾನೇ ಹುಡುಕಿಕೊಳ್ಳುತ್ತದೆ. ವರ್ಕಿಂಗ್ ಸ್ಪೇಸ್ ಎಸ್‌ಆರ್‌ಜಿಬಿಯೋ ಅಡೋಬಿ ಆರ್‌ಜಿಬಿಯೋ ಇರಲಿ.

ಫೋಟೊಶಾಪ್‌ನಲ್ಲಿ ಒಂದು ಬಣ್ಣ, ಅದೇ ಫೋಟೊ ಬೇರೆ ಕಡೆ ತೆರೆದ್ರೆ ಇನ್ನೊಂದು. ಯಾವುದು ಸತ್ಯ?

ಕ್ಯಾಲಿಬ್ರೇಟ್ ಮಾಡಿದ್ದರೆ ಫೋಟೊಶಾಪ್ ಹೇಳಿದ್ದು ಸತ್ಯ. ಎಲ್ಲ ಸಾಫ್ಟ್‌ವೇರ್‌ಗಳೂ ಆ ಚೀಟಿ ಓದುವುದಿಲ್ಲ. ವಿಶಾಲ ಬಣ್ಣದ ಮಾನಿಟರ್ ಆದರೆ ಓದದ ಕಡೆ ಕೆಂಪು, ಹಸಿರು ಎಲ್ಲ ಜಾತ್ರೆ ಬಲೂನಿನಂತೆ ಉಬ್ಬುತ್ತವೆ. ಆಗಲೇ ಹೇಳಿದ ಉಪದ್ರವ ಇದೇ. ವೆಬ್‌ಗೆ ಕಳಿಸುವಾಗ ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿ, ಪ್ರೊಫೈಲ್ ಫೈಲಿನೊಳಗೆ ಸೇರಿಸಿ. ಅಸೈನ್ ಬೇರೆ, ಕನ್ವರ್ಟ್ ಬೇರೆ. ಅಸೈನ್ ಮಾಡಿದರೆ ಅಂಕೆ ಹಾಗೇ ಇದ್ದು ಬಣ್ಣ ಬದಲಾಗುತ್ತದೆ, ಕನ್ವರ್ಟ್ ಮಾಡಿದರೆ ಬಣ್ಣ ಉಳಿಸಿಕೊಂಡು ಅಂಕೆ ಬದಲಾಗುತ್ತದೆ.

## ಪ್ರಿಂಟ್, ಸೀರೆ, ಕ್ಲೈಂಟ್

ಪ್ರಿಂಟ್‌ಗೆ ಕಳಿಸೋ ಮುಂಚೆ ಕಾಗದದ ಮೇಲೆ ಹೇಗೆ ಬರುತ್ತೆ ಅಂತ ಸ್ಕ್ರೀನಲ್ಲೇ ನೋಡಬಹುದಾ?

ನೋಡಬಹುದು, ಅದಕ್ಕೆ ಸಾಫ್ಟ್ ಪ್ರೂಫ್ ಅಂತಾರೆ. ಫೋಟೊಶಾಪ್‌ನ ವ್ಯೂ ಮೆನುವಿನಲ್ಲಿ ಪ್ರೂಫ್ ಸೆಟಪ್‌ಗೆ ಹೋಗಿ ಪ್ರೆಸ್ಸಿನ ಪ್ರೊಫೈಲ್ ಆರಿಸಿ, ಕಂಟ್ರೋಲ್ ಮತ್ತು ವೈ ಒತ್ತಿ. ಪ್ರೆಸ್ಸು ಗದಗಿನದಾಗಲಿ, ಶಿವಕಾಶಿಯದಾಗಲಿ, ಮೊದಲು ಅವರನ್ನೇ "ಯಾವ ಪ್ರೊಫೈಲ್ ಇಡಲಿ" ಅಂತ ಕೇಳಿ. "ಯಾವುದಾದ್ರೂ ಕಳಿಸಿ" ಅಂದರೆ ಆರ್ಟ್ ಪೇಪರ್‌ಗೆ ಫೋಗ್ರಾ39 ಅನ್ನುವ ಪ್ರೊಫೈಲ್ ಇಟ್ಟುಕೊಂಡು ನೋಡಿ, ಅಂದಾಜಂತೂ ಸಿಗುತ್ತದೆ. ಕಾಗದದ ಬಿಳಿ ತೋರಿಸುವ ಆಯ್ಕೆ ಒತ್ತಿದಾಗ ಚಿತ್ರ ಸಪ್ಪೆಯಾಗಿ ಎದೆ ಧಸಕ್ ಅನ್ನುತ್ತದೆ. ಒತ್ತುವಾಗ ಬೇರೆ ಕಡೆ ನೋಡಿ, ಅರ್ಧ ನಿಮಿಷ ಬಿಟ್ಟು ತಿರುಗಿ ನೋಡಿ. ಕಣ್ಣು ಹೊಂದಿಕೊಂಡಿರುತ್ತದೆ.

ಚಿನ್ನದ ಫಾಯಿಲ್, ಬೆಳ್ಳಿ ಇಂಕು ಯಾವ ಮಾನಿಟರ್‌ನಲ್ಲೂ ಕಾಣುವುದಿಲ್ಲ. ಫ್ಲೆಕ್ಸ್ ಕಥೆಯೂ ಬೇರೆ, ಒಂದೊಂದು ಮಷಿನ್ ಒಂದೊಂದು ಥರ, ಅಲ್ಲಿ ಒಂದಡಿ ಸ್ಯಾಂಪಲ್ ಹೊಡೆಸುವುದೇ ದಾರಿ.

ಫೋಟೊದಲ್ಲಿ ಒಂದು ಬಣ್ಣ, ಮನೆಗೆ ಬಂದ ಸೀರೆ ಇನ್ನೊಂದು ಬಣ್ಣ ಅಂತ ವಾಪಸ್ ಕಳಿಸ್ತಾರೆ. ಮಾನಿಟರ್ ಬದಲಾಯಿಸಿದ್ರೆ ಸರಿ ಹೋಗುತ್ತಾ?

ಮಾನಿಟರ್ ಒಂದರಿಂದ ಆಗದು, ತಪ್ಪು ಫೋಟೊ ತೆಗೆಯುವಾಗಲೇ ಶುರುವಾಗಿರುತ್ತದೆ. ಮೊದಲ ಶಾಟ್‌ನಲ್ಲಿ ಸೀರೆಯ ಪಕ್ಕ ಒಂದು ಗ್ರೇ ಕಾರ್ಡ್ ಅಥವಾ 24 ಬಣ್ಣದ ಕಾರ್ಡ್ ಇಡಿ. ಕಿಟಕಿ ಬೆಳಕನ್ನೂ ಟ್ಯೂಬ್‌ಲೈಟನ್ನೂ ಬೆರೆಸಬೇಡಿ. ಕಂಪ್ಯೂಟರಿನಲ್ಲಿ ಆ ಕಾರ್ಡಿನ ಬೂದು ಬಣ್ಣದಿಂದಲೇ ವೈಟ್ ಬ್ಯಾಲೆನ್ಸ್ ತಗೊಳ್ಳಿ. ಅಷ್ಟಾದ ಮೇಲೆ ಸೀರೆಯನ್ನೇ ಮಾನಿಟರ್ ಪಕ್ಕಕ್ಕೆ ತಂದು, ಒಳ್ಳೆ ದೀಪದ ಕೆಳಗೆ ಹೋಲಿಸಿ.

ಇಳಕಲ್ ಸೀರೆಯ ಗಿರಿಕುಂಕುಮದಂಥ ಬಣ್ಣವನ್ನು ಹೀಗೆ ಸಾಕಷ್ಟು ಹತ್ತಿರ ತರಬಹುದು. ಆದರೆ ಹಾಸು ಒಂದು ಬಣ್ಣ, ಹೊಕ್ಕು ಒಂದು ಬಣ್ಣ ಇರುವ ಡಬಲ್ ಶೇಡ್ ರೇಷ್ಮೆ, ನೋಡುವ ಕೋನ ಬದಲಾದ ಹಾಗೆ ಬಣ್ಣವನ್ನೂ ಬದಲಾಯಿಸುತ್ತದೆ. ಒಂದು ಫೋಟೊದಲ್ಲಿ ಅದನ್ನು ಹಿಡಿಯಲು ಹೋಗಬೇಡಿ. ಮಡಿಕೆ ಬೀಳಿಸಿ ಎರಡು ಕೋನದಿಂದ ತೆಗೆಯಿರಿ, ಹತ್ತು ಸೆಕೆಂಡಿನ ವೀಡಿಯೊ ಹಾಕಿ.

ಇಷ್ಟೆಲ್ಲ ಮಾಡಿದ್ರೂ ಕ್ಲೈಂಟ್ ಅವರ ಫೋನಲ್ಲಿ ನೋಡಿ "ಬಣ್ಣ ಸರಿ ಇಲ್ಲ" ಅಂತಾರೆ. ಏನ್ ಹೇಳ್ಲಿ?

ಮೊದಲು ಕೇಳಿ, ಫೋನಿನಲ್ಲಿ ಕಣ್ಣಿಗೆ ಹಿತ ಅಂತ ಹಳದಿ ಮೋಡ್ ಹಾಕಿದ್ದಾರಾ? ಬಹಳ ಸಲ ಹಾಕಿರುತ್ತಾರೆ. ಅದು ತೆಗೆಸಿದರೂ ಒಪ್ಪದಿದ್ದರೆ ವಾದ ಮಾಡಬೇಡಿ, ಫೋನಿನಲ್ಲಿ ಒಪ್ಪಿಗೆಯನ್ನೂ ತಗೋಬೇಡಿ. ಬಣ್ಣ ಮುಖ್ಯವಾದ ಕೆಲಸಕ್ಕೆ ನಾನು ಪ್ರೂಫ್ ಪ್ರಿಂಟಿನ ಎರಡು ಪ್ರತಿ ತೆಗೆಸಿ, ಎದುರಿಗೆ ಇಟ್ಟು, ಅವುಗಳ ಹಿಂದೆಯೇ ಸಹಿ, ತಾರೀಕು ಹಾಕಿಸಿಕೊಳ್ಳುತ್ತೇನೆ. ಒಂದು ಪ್ರತಿ ಪ್ರೆಸ್ಸಿಗೆ ಹೋಗುತ್ತದೆ, ಇನ್ನೊಂದು ನನ್ನ ಹತ್ತಿರ, ಬೀರುವಿನಲ್ಲಿ, ಕಂದು ಕವರಿನೊಳಗೆ. ಬಿಸಿಲಿಗೆ ಇಟ್ಟರೆ ಅದರ ಬಣ್ಣವೂ ಹೋಗುತ್ತದೆ.